ಓಟಿಪಿ ಬರಲೇ ಇಲ್ಲ, ಹಣ ಮಾತ್ರ ಹೋಯಿತು

‘ಓಟಿಪಿ ಯಾರಿಗೂ ಹೇಳಬೇಡಿ’ ಎಂಬ ಮಾತು ಈಗ ನಮ್ಮ ಮನೆಗಳ ಸಣ್ಣ ಮಕ್ಕಳಿಗೂ ಬಾಯಿಪಾಠ. ಗುರುತಿಲ್ಲದ ಲಿಂಕ್ ಒತ್ತಬಾರದು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ತೆರೆಯಬಾರದು, ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಇವೆಲ್ಲ ಕೇಳಿ ಕೇಳಿ ಸಾಕಾಗಿದೆ. ಆದರೆ ಲಿಂಕ್ ಎಂದರೆ ಎಂತದೆಂದೇ ಗೊತ್ತಿಲ್ಲದ, ಕೀಪ್ಯಾಡ್ ಫೋನಿನಲ್ಲಿ ಹಸಿರು ಬಟನ್ ಬಿಟ್ಟು ಬೇರೇನೂ ಒತ್ತದ ಉಮ್ಮನ ಖಾತೆಯಿಂದಲೇ ಹಣ ಹೋದರೆ?

2023ರಲ್ಲಿ ಮಂಗಳೂರಿನಲ್ಲಿ ಹಾಗೆಯೇ ಆಯಿತು. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಒಬ್ಬರ ಹಿಂದೆ ಒಬ್ಬರು ಪೊಲೀಸರ ಬಳಿ ಬಂದರು. ಕರೆ ಬಂದಿರಲಿಲ್ಲ, ಓಟಿಪಿ ಬಂದಿರಲಿಲ್ಲ, ಎಟಿಎಂ ಕಾರ್ಡ್ ಮನೆಯ ಕಪಾಟಿನಲ್ಲೇ ಇತ್ತು. ಖಾತೆಯಿಂದ ಮಾತ್ರ ಹಣ ಹೋಗಿತ್ತು. ವಿಚಾರಿಸಿದಾಗ ದೂರು ಕೊಟ್ಟವರಲ್ಲಿ ಒಂದು ಸಾಮ್ಯ ಕಂಡುಬಂತು. ಅವರೆಲ್ಲ ಸ್ವಲ್ಪ ದಿನ ಹಿಂದೆ ಜಾಗದ ರಿಜಿಸ್ಟ್ರಿಗೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದವರು.

ಕ್ರಯಪತ್ರದಲ್ಲಿ ಏನೆಲ್ಲ ಇರುತ್ತದೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬೆರಳಚ್ಚು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಈ ಪತ್ರಗಳ ಪ್ರತಿಯನ್ನು ಆನ್‌ಲೈನ್‌ನಲ್ಲೇ ಪಡೆಯಬಹುದಿತ್ತು. ವಂಚಕರು ಆ ಪ್ರತಿಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನಿಂದ ನಕಲಿ ಅಚ್ಚು ಮಾಡಿ, ದೂರದ ಊರಿನಲ್ಲಿ ಕೂತು ಹಣ ತೆಗೆದರು ಎಂಬುದು ತನಿಖೆಯಲ್ಲಿ ಸಿಕ್ಕಿದ ಜಾಡು. ಬೆಂಗಳೂರಿನಲ್ಲೂ ಇದೇ ರೀತಿಯ ಪ್ರಕರಣ ಹೊರಬಂತು. ಬಿಹಾರದವರ ಬಂಧನಗಳೂ ಆದವು.

ಇದು ಸಾಧ್ಯವಾದದ್ದು ಎಇಪಿಎಸ್ ಎಂಬ ವ್ಯವಸ್ಥೆಯ ಮೂಲಕ. ಎನ್‌ಪಿಸಿಐ ನಡೆಸುವ, ಆಧಾರ್ ಆಧರಿಸಿದ ಹಣ ಪಾವತಿ ವ್ಯವಸ್ಥೆ ಅದು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಮೂರಿದ್ದರೆ ಸಾಕು; ಪಿನ್ ಬೇಡ, ಓಟಿಪಿ ಬೇಡ. ಒಂದು ಸಲಕ್ಕೆ 10,000 ರೂ. ಮಿತಿ. ಖಾತೆಗೆ ಆಧಾರ್ ಜೋಡಿಸಿದವರಲ್ಲಿ ಎಷ್ಟೋ ಮಂದಿಗೆ ಇಂಥದ್ದೊಂದು ಬಾಗಿಲು ತಮ್ಮ ಖಾತೆಗೆ ಇದೆ ಎಂಬುದೇ ಗೊತ್ತಿಲ್ಲ.

ಹಾಗಾದರೆ ಆ ಬಾಗಿಲನ್ನೇ ಮುಚ್ಚಿಬಿಡಬಾರದೇ ಎಂದು ಕೇಳುವವರು ಒಮ್ಮೆ ಘಟ್ಟ ಹತ್ತಿ ಕೋಲಾರ ಜಿಲ್ಲೆಯ ಗೌನಿಪಲ್ಲಿ ಕಡೆಗೆ ನೋಡಬೇಕು. ಶ್ರೀನಿವಾಸಪುರ ತಾಲೂಕಿನಲ್ಲಿ ಆಂಧ್ರದ ಗಡಿಗೆ ಹತ್ತಿರದ ಊರು, ಮಾವಿನ ಸೀಮೆ. ಅಂಥ ಕಡೆ 1,200 ರೂ. ಸಂಧ್ಯಾ ಸುರಕ್ಷಾ ಪಿಂಚಣಿಗೋ, ಗೃಹಲಕ್ಷ್ಮಿಯ 2,000 ರೂಪಾಯಿಗೋ ಬ್ಯಾಂಕಿನ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋದಂತೆ. ಸಹಿ ಬಾರದ, ಎಟಿಎಂ ಬಳಸಿ ಗೊತ್ತಿಲ್ಲದ ವಯಸ್ಸಾದವರಿಗೆ ಹತ್ತಿರದ ಅಂಗಡಿಯ ಸಣ್ಣ ಯಂತ್ರದ ಮೇಲೆ ಬೆರಳಿಟ್ಟು ಹಣ ಪಡೆಯುವುದು ದೊಡ್ಡ ಉಪಕಾರವೇ. ಪೋಸ್ಟ್‌ಮ್ಯಾನ್ ಮನೆಬಾಗಿಲಿಗೆ ತಂದುಕೊಡುವ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಸೇವೆಯೂ ಇದೇ ದಾರಿಯದು. ಗೌನಿಪಲ್ಲಿಯಂಥ ಊರಿಗೆ ಬೇಕಾದ ಬಾಗಿಲು ಅದು. ಬ್ಯಾಂಕಿಗೆ ಹೋಗಬಲ್ಲ, ಎಟಿಎಂ ಬಳಸುವ ಮನೆಯವರ ಖಾತೆಯಲ್ಲೂ ಅದು ಹಗಲು ರಾತ್ರಿ ತೆರೆದಿರಬೇಕಾದ್ದಿಲ್ಲ.

ಬೆರಳಿಟ್ಟೇ ಹಣ ತೆಗೆಯುವವರು ಅಲ್ಲಿಯೂ ಇಲ್ಲಿಯೂ ಒಂದು ವಿಷಯ ಗಮನಿಸಬೇಕು. ‘ಬೆರಳು ಹಿಡಿಯಲಿಲ್ಲ, ಇನ್ನೊಮ್ಮೆ ಇಡಿ’ ಎಂದು ಎರಡು ಸಲ ಒತ್ತಿಸಿ ಎರಡು ಸಲ ಹಣ ತೆಗೆಯುವವರಿದ್ದಾರೆ. ಎಲ್ಲ ಅಂಗಡಿಯವರೂ ಹಾಗಲ್ಲ. ದುಡಿದ ಕೈಯ ಗೆರೆ ಸವೆದು ನಿಜವಾಗಿಯೂ ಹಿಡಿಯದೆ ಇರುವುದುಂಟು. ಆದ್ದರಿಂದ ಪ್ರತಿ ಸಲವೂ ಚೀಟಿ ಕೇಳಬೇಕು, ಉಳಿದ ಮೊತ್ತ ಎಷ್ಟೆಂದು ಓದಿಸಿಕೊಳ್ಳಬೇಕು. ರಸ್ತೆ ಬದಿಯಲ್ಲಿ ಕೊಡೆ ಹಿಡಿದು ‘ಫ್ರೀ ಸಿಮ್’ ಕೊಡುವವನ ಯಂತ್ರಕ್ಕೂ, ಯೋಜನೆಯ ಸರ್ವೆ ಎಂದು ಮನೆಗೆ ಬಂದವನ ಯಂತ್ರಕ್ಕೂ ಬೆರಳು ಕೊಡುವ ಮೊದಲು ಮನೆಯವರನ್ನು ಕರೆಯಲಿ. ಪಾಸ್‌ವರ್ಡ್ ಕದ್ದು ಹೋದರೆ ಬೇರೆ ಇಡಬಹುದು. ಬೆರಳು ಬದಲಾಯಿಸಲಿಕ್ಕೆ ಆಗುತ್ತದೆಯೇ ಮಾರಾಯ್ರೆ?

ಮಂಗಳೂರಿನ ಪೊಲೀಸರು ಆಗ ಕೊಟ್ಟ ಸಲಹೆಯೇ ಈಗಲೂ ಮುಖ್ಯ: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ‘ಮೈ ಆಧಾರ್’ ಜಾಲತಾಣಕ್ಕೆ ಅಥವಾ ಆಧಾರ್‌ನ ಅಧಿಕೃತ ಆ್ಯಪ್‌ಗೆ ಹೋಗಿ, ನೋಂದಾಯಿತ ಮೊಬೈಲಿಗೆ ಬರುವ ಓಟಿಪಿ ಹಾಕಿ ಒಳಹೊಕ್ಕರೆ ಲಾಕ್ ಮಾಡುವ ಆಯ್ಕೆ ಸಿಗುತ್ತದೆ. ಹಣ ಖರ್ಚಿಲ್ಲ, ಐದು ನಿಮಿಷದ ಕೆಲಸ. ಲಾಕ್ ಆದ ಮೇಲೆ ಅಸಲಿ ಬೆರಳೂ ನಡೆಯುವುದಿಲ್ಲ, ನಕಲಿಯೂ ನಡೆಯುವುದಿಲ್ಲ. ಅಲ್ಲೇ ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಇರುತ್ತದೆ, ಒಮ್ಮೆ ಕಣ್ಣಾಡಿಸಿ.

ಒಂದು ತೊಂದರೆಯನ್ನು ಮೊದಲೇ ಹೇಳಿಬಿಡಬೇಕು. ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಬೆರಳು ಹಿಡಿಯುವುದಿಲ್ಲ. ಅಂಗಡಿಯವನ ಜೊತೆ ಜಗಳ ಮಾಡಬೇಡಿ. ಸಾಲಿನಲ್ಲಿ ನಿಂತಾಗ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿದರೆ ಆಯಿತು, ಸುಮಾರು 10 ನಿಮಿಷದಲ್ಲಿ ತಾನೇ ಮತ್ತೆ ಲಾಕ್ ಆಗುತ್ತದೆ. ಹಾಗಾಗಿ ಅಕ್ಕಿ ತರಲು ಹೋಗುವವರ ಬೆರಳು ಯಾರದ್ದು, ಆ ಹೊತ್ತಿಗೆ ಫೋನ್ ಯಾರ ಕೈಯಲ್ಲಿ ಇರುತ್ತದೆ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಎಇಪಿಎಸ್ ಮಾತ್ರ ನಿಲ್ಲಿಸುವಂತೆ ಬರೆದುಕೊಟ್ಟರೆ ಕೆಲವು ಬ್ಯಾಂಕುಗಳು ನಿಲ್ಲಿಸುತ್ತವೆ, ಶಾಖೆಯಲ್ಲಿ ಕೇಳಿ ನೋಡಿ.

ಹಣ ಹೋಗಿಯೇ ಹೋಯಿತು ಅನ್ನಿ. ಮೊದಲು 1930ಕ್ಕೆ ಕರೆ, ಆಮೇಲೆ ಬ್ಯಾಂಕಿಗೆ ಲಿಖಿತ ದೂರು. ದೂರಿನ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ. ಯಾಕೆಂದರೆ ಇಲ್ಲಿ ದಿನದ ಲೆಕ್ಕವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ತಪ್ಪು ಗ್ರಾಹಕನದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ಬೇರೆಲ್ಲಿಂದಲೋ ಮಾಹಿತಿ ಸೋರಿ ಹಣ ಹೋಗಿದೆ ಎಂದಾದರೆ, ಬ್ಯಾಂಕಿನ ಮಾಹಿತಿ ಸಿಕ್ಕಿದ 3 ಕೆಲಸದ ದಿನಗಳ ಒಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟದ ಹೊರೆ ಬೀಳುವುದಿಲ್ಲ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗೆ ನಷ್ಟ ನಮ್ಮದು. ಸಾಮಾನ್ಯ ಉಳಿತಾಯ ಖಾತೆಗೆ ಆ ಮಿತಿ 10,000 ರೂ. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನದಲ್ಲಿ ದೂರು ಮುಗಿಸಬೇಕು. ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದ್ದೇ. ‘ನಿಮ್ಮದೇ ಬೆರಳು, ನಾವೇನು ಮಾಡುವುದು’ ಎಂದು ಶಾಖೆಯಲ್ಲಿ ಹೇಳಿದರೆ ಅಲ್ಲಿಗೇ ಸುಮ್ಮನಾಗಬೇಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿ ಕಾಣದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಈ ಮೂರು ದಿನಗಳು ನಮ್ಮ ಮನೆಗಳಲ್ಲಿ ಹೇಗೆ ಕಳೆದುಹೋಗುತ್ತವೆ ಎಂಬುದು ಗೊತ್ತಿರುವುದೇ. ಮಗ ಗಲ್ಫಿನಲ್ಲಿ. ಐದು ಸೆಂಟ್ಸ್ ಜಾಗ ಉಮ್ಮನ ಹೆಸರಿಗೆ ರಿಜಿಸ್ಟ್ರಿ ಆಗಿದೆ, ಮನೆ ಕಟ್ಟಲು ಕಳಿಸಿದ ಹಣವೂ ಉಮ್ಮನ ಖಾತೆಯಲ್ಲೇ ಇದೆ. ಆದರೆ ಬ್ಯಾಂಕಿಗೂ ಆಧಾರ್‌ಗೂ ಕೊಟ್ಟ ಮೊಬೈಲ್ ನಂಬರ್ ಮಗ ಹೋಗುವ ಮುಂಚೆ ಬಳಸುತ್ತಿದ್ದ ಹಳೆಯ ಸಿಮ್ಮಿನದ್ದು, ರೀಚಾರ್ಜ್ ಇಲ್ಲದೆ ಯಾವಾಗಲೋ ಸತ್ತುಹೋಗಿದೆ. ಹಣ ಕಡಿತವಾದ ಮೆಸೇಜ್ ಯಾರಿಗೂ ಬರುವುದಿಲ್ಲ. ಗೊತ್ತಾದ ಮೇಲೂ, ಮಗ ಬೈಯುತ್ತಾನೆಂದು ಉಮ್ಮ ನಾಲ್ಕು ದಿನ ಬಾಯಿ ಬಿಡುವುದಿಲ್ಲ. ಏನೂ ತಪ್ಪು ಮಾಡದವರು ಹೆದರಿಕೊಂಡು ಕೂರುವ ಪರಿಸ್ಥಿತಿ. ‘ಹಣದ ವಿಷಯ ಏನೇ ಆದರೂ ಮೊದಲು ನನಗೆ ಹೇಳಿ, ನಾನು ಬೈಯುವುದಿಲ್ಲ’ ಎಂದು ಇಂದಿನ ಫೋನಿನಲ್ಲೇ ಹೇಳಿಬಿಡಿ.

ರಜೆಯಲ್ಲಿ ಊರಿಗೆ ಬಂದವರು ಒಂದು ಬೆಳಿಗ್ಗೆ ಇದಕ್ಕೆಂದೇ ಇಟ್ಟುಕೊಳ್ಳಿ. ಉಮ್ಮನನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಮನೆಯಲ್ಲಿ ಸದಾ ಇರುವ ಫೋನಿನ ನಂಬರ್ ಹಾಕಿಸಿ. ಶುಲ್ಕ 75 ರೂ. ಬರುವ ದಾರಿಯಲ್ಲಿ ಬ್ಯಾಂಕಿಗೂ ಅದೇ ನಂಬರ್ ಕೊಟ್ಟು, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬನ್ನಿ. ನಂಬರ್ ಬದಲಾದ ಮೆಸೇಜ್ ಬಂದ ದಿನವೇ ಲಾಕ್ ಮಾಡಿ.