ಕಿವಿಗೆ ಕಾಣುವ ದೊಡ್ಡಾಟ

ಹಾಡಿನಲ್ಲಿಯೇ ಕಥೆ ನಡೆಸುವ ನಾಟಕವನ್ನು ಪಶ್ಚಿಮದವರು ಆಪೆರಾ ಎಂದರು. ಕನ್ನಡದಲ್ಲಿ ಪು.ತಿ.ನ. ‘ಗೋಕುಲ ನಿರ್ಗಮನ’ದಂಥ ಗೇಯನಾಟಕಗಳನ್ನು ಬರೆದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ರೈತನಿಗೆ ಈ ಹೆಸರುಗಳ ಗೊಡವೆಯಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಬೆಳಗಿನವರೆಗೆ ಕುಳಿತು ಆತ ದೊಡ್ಡಾಟ ಕೇಳಿದ. ‘ಕೇಳಿದ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ.

ಕಿರೀಟ, ಭುಜಕೀರ್ತಿಗಳ ಬೆಡಗು ಕಣ್ಣಿಗೆ ಹಬ್ಬವೇ ಹೌದು. ಆದರೆ ದೂರದಲ್ಲಿ ಚಕ್ಕಡಿಯ ಮೇಲೆ ಕುಳಿತವನಿಗೆ ಅದೆಷ್ಟು ಕಾಣಬೇಕು? ಪಾತ್ರ ಪರದೆಯ ಹಿಂದಿರುವಾಗಲೇ ಗೆಜ್ಜೆ ಅದರ ಬರವನ್ನು ಸಾರುತ್ತದೆ. ಭೀಮನೋ ದುಶ್ಶಾಸನನೋ ಎಂಬುದನ್ನು ಹಲಗೆಯ ಮೇಲೆ ಬೀಳುವ ಹೆಜ್ಜೆಯ ಭಾರವೇ ಅರ್ಧ ಹೇಳಿಬಿಡುತ್ತದೆ. ಬಂದವರಾರೆಂದು ಸಾರಥಿ ಕೇಳುವುದು, ಪಾತ್ರ ತನ್ನ ಹೆಸರನ್ನು ತಾನೇ ಕೂಗಿ ಹೇಳುವುದು, ಭಾಗವತನ ಪದದ ಕೊನೆಯನ್ನು ಹಿಮ್ಮೇಳದವರು ಎತ್ತಿಕೊಳ್ಳುವುದು, ಎಲ್ಲವೂ ಕಿವಿಗಾಗಿಯೇ ಇರುವ ಏರ್ಪಾಡು.

ಇದನ್ನು ಚಿತ್ರವಾಗಿಸಬಲ್ಲವರು ನಮ್ಮಲ್ಲಿಲ್ಲವೆನ್ನುವಂತಿಲ್ಲ. ಚಿದಾನಂದ ನಾಯ್ಕ್ ನಿರ್ದೇಶಿಸಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಹದಿನಾರು ನಿಮಿಷಗಳ ಕನ್ನಡ ಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರ ಹುಂಜವನ್ನು ಕದ್ದೊಯ್ದುದರಿಂದ ಬೆಳಗೇ ಆಗದೆ ಹೋದ ಜನಪದ ಕಥೆ ಅದು. ಕೂಗೊಂದು ಇಲ್ಲವಾದುದೇ ಅಲ್ಲಿ ಕಥೆಯ ಬೀಜ. ಹದಿನಾರು ನಿಮಿಷಗಳಲ್ಲಿ ಇಷ್ಟು ಸಾಧ್ಯವಾದರೆ ದೊಡ್ಡಾಟದ ಒಂದು ಪ್ರಸಂಗ ಏಕಾಗದು?

ಕಷ್ಟವಿರುವುದು ಬೇರೆ ಕಡೆ. ಇಂದು ದೊಡ್ಡಾಟವನ್ನು ಎಲ್ಲರೂ ಮೊಬೈಲಿನಲ್ಲಿ ಹಿಡಿಯುತ್ತಾರೆ. ಅದರಲ್ಲಿ ವೇಷ ಉಳಿಯುತ್ತದೆ, ಸ್ವರ ಧ್ವನಿವರ್ಧಕದ ಗದ್ದಲದಲ್ಲಿ ಒಡೆದುಹೋಗುತ್ತದೆ. ಮಸ್ಕಿಯ ಬಂಡೆ ಅಶೋಕನ ಹೆಸರನ್ನು ಎರಡು ಸಾವಿರಕ್ಕೂ ಹೆಚ್ಚು ವರ್ಷ ಕಾಪಾಡಿ 1915ರಲ್ಲಿ ಲೋಕಕ್ಕೆ ಒಪ್ಪಿಸಿತು. ಹಿರಿಯ ಭಾಗವತರ ಕಂಠಕ್ಕೆ ಅಂಥ ಆಯುಷ್ಯವಿಲ್ಲ. ಕೈಬರಹದ ಪ್ರತಿಯಲ್ಲಿ ಪದ ಸಿಕ್ಕೀತು, ಅದರ ಮಟ್ಟು ಸಿಗದು.

ಬಾಗಲಕೋಟೆಯಲ್ಲಿರುವ ಕರ್ನಾಟಕ ಬಯಲಾಟ ಅಕಾಡೆಮಿ ಸನ್ಮಾನ, ಉತ್ಸವಗಳ ಖರ್ಚಿನಲ್ಲಿ ಒಂದು ಪಾಲನ್ನು ಧ್ವನಿಮುದ್ರಣಕ್ಕೆ ತೆಗೆದಿರಿಸಬೇಕು. ಧ್ವನಿಯನ್ನು ಬಲ್ಲ ಒಬ್ಬ ಯುವಕ, ಒಂದು ಒಳ್ಳೆಯ ಯಂತ್ರ, ಒಂದು ರಾತ್ರಿ: ಆರಂಭಕ್ಕೆ ಇಷ್ಟು ಸಾಕು. ಮೈಕನ್ನು ರಂಗದ ಮುಂದೆ ಮಾತ್ರವಲ್ಲ, ಹಿಂದೆ ಚಕ್ಕಡಿಗಳ ನಡುವೆಯೂ ಇಡಲಿ. ಎತ್ತಿನ ಕೊರಳಗಂಟೆ, ನಿದ್ದೆಗಣ್ಣಿನ ಮಗುವಿನ ಅಳು, ಚಹಾದಂಗಡಿಯ ಸ್ಟೋವಿನ ಭೋರು, ಕಡೆಗೆ ಮಂಗಳದ ಪದದೊಡನೆ ಊರ ಹುಂಜದ ಕೂಗು, ಎಲ್ಲವೂ ಅದರಲ್ಲಿ ಸೇರಲಿ. ಕ್ಯಾಮೆರಾ ಆಮೇಲೆ ಬರಲಿ.