ಇಂಗಾಲದ ಲೆಕ್ಕ: ಮನೆಯ ಮೀಟರಿನಿಂದ ಸಂಘದ ಸಭಾಗೃಹದವರೆಗೆ

ಮುಂಬಯಿ: ಬೆಳಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ರಾತ್ರಿ ಲೋಕಲ್‌ನಲ್ಲೇ ಮರಳುವ ತುಳು-ಕನ್ನಡಿಗರಿಗೆ ‘ಇಂಗಾಲದ ಹೆಜ್ಜೆಗುರುತು’ ಎಂಬುದು ಕಾರು ಇದ್ದವರ ಚಿಂತೆ ಎನಿಸುವುದು ಸಹಜ. ಆದರೆ ಈ ಮಹಾನಗರದ ಲೆಕ್ಕವೇ ಬೇರೆ. ಬೃಹನ್ಮುಂಬಯಿ ಮಹಾನಗರ ಪಾಲಿಕೆ 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ ಹವಾಮಾನ ಕ್ರಿಯಾ ಯೋಜನೆಯಂತೆ, 2019ರಲ್ಲಿ ನಗರ ಹೊರಸೂಸಿದ ಹಸಿರುಮನೆ ಅನಿಲ ಸುಮಾರು 2.34 ಕೋಟಿ ಟನ್, ತಲೆಗೆ 1.8 ಟನ್. ಅದರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ವಾಹನಗಳದ್ದಲ್ಲ. ಮನೆ, ಅಂಗಡಿ, ಕಚೇರಿಗಳಲ್ಲಿ ಬಳಸುವ ಇಂಧನದ್ದು, ಮುಖ್ಯವಾಗಿ ವಿದ್ಯುತ್ತಿನದ್ದು.

1915ರಲ್ಲಿ ಖೋಪೋಲಿಯ ಜಲವಿದ್ಯುತ್ತಿನಿಂದ ಗಿರಣಿಗಳನ್ನು ಓಡಿಸಿದ ನಗರವಿದು. ಬೇಡಿಕೆ ಬೆಳೆದಂತೆ ಟ್ರಾಂಬೆ, ಡಹಾಣುಗಳಲ್ಲಿ ಕಲ್ಲಿದ್ದಲು ಉರಿಸಬೇಕಾಯಿತು. ದೇಶದ ಸರಾಸರಿ ಹಿಡಿದರೆ ಒಂದು ಯುನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಮಲಗುವ ಕೋಣೆಯ ಎಸಿ ರಾತ್ರಿಯಿಡೀ 10 ಯುನಿಟ್ ಬಳಸಿದರೆ 7 ಕಿಲೋ ಆಯಿತು. 14.2 ಕಿಲೋ ಗ್ಯಾಸಿನ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕಿಲೋ. ಅಂದರೆ ಆರು ರಾತ್ರಿಯ ತಂಪು ನಿದ್ದೆ ಒಂದು ಸಿಲಿಂಡರಿಗೆ ಸಮ! ಕುಕ್ಕರಿನ ಸೀಟಿ ಎಣಿಸಿ ಗ್ಯಾಸ್ ಉಳಿಸುವ ಮನೆಯಲ್ಲೇ ಎಸಿಯನ್ನು 18ಕ್ಕಿಟ್ಟು ರಗ್ಗು ಹೊದ್ದು ಮಲಗುವವರಿದ್ದಾರೆ. 24ಕ್ಕಿಟ್ಟು ಜತೆಗೆ ಫ್ಯಾನ್ ತಿರುಗಿಸಿದರೆ ಸಾಲದೇ?

ಊರಿಗೆ ಹೋಗುವ ವಿಷಯದಲ್ಲಿ ನಾವು ಅದೃಷ್ಟವಂತರು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗ 2022ರಲ್ಲಿ ಸಂಪೂರ್ಣ ವಿದ್ಯುದೀಕರಣಗೊಂಡಿದೆ. ಮಂಗಳೂರಿಗೆ ವಿಮಾನದಲ್ಲಿ ಹಾರುವವರ ಪಾಲಿಗೆ ಬರುವ ಇಂಗಾಲ ರೈಲು ಪ್ರಯಾಣಿಕರಿಗಿಂತ ಹಲವು ಪಟ್ಟು. ಮೇ ತಿಂಗಳಲ್ಲಿ ಟಿಕೇಟು ಸಿಗಬೇಕಲ್ಲ ಎಂಬುದು ಬೇರೆ ಮಾತು.

ಇನ್ನು ಸಂಘ-ಸಂಸ್ಥೆಗಳ ವಿಚಾರ. ಭಾನುವಾರ ಬಂತೆಂದರೆ ಮಾಟುಂಗಾ, ಕುರ್ಲಾ, ಸಾಂತಾಕ್ರೂಜ್‌ಗಳಲ್ಲಿ ನಮ್ಮವರ ಕಾರ್ಯಕ್ರಮಗಳ ಸಾಲು. ಹವಾನಿಯಂತ್ರಿತ ಸಭಾಗೃಹವೊಂದು ಗಂಟೆಗೆ 50 ಯುನಿಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. 35 ಕಿಲೋ ಆಯಿತು. ಮುಖ್ಯ ಅತಿಥಿಗಳ ಆಗಮನಕ್ಕೆ ಕಾದು ದೀಪ ಪ್ರಜ್ವಲನೆ ಒಂದು ಗಂಟೆ ತಡವಾದರೆ, ಖಾಲಿ ಕುರ್ಚಿಗಳನ್ನು ತಂಪಾಗಿಸಲು ಹೆಚ್ಚುಕಡಿಮೆ ಒಂದು ಸಿಲಿಂಡರ್ ಉರಿಸಿದಂತೆ. ಪ್ರೀತಿಭೋಜನದಲ್ಲಿ ತಟ್ಟೆಯಲ್ಲಿ ಬಿಟ್ಟ ಅನ್ನ ಕಸದ ರಾಶಿ ಸೇರಿ, ಕೊಳೆತು ಮೀಥೇನ್ ಆಗುವುದು ಬೇರೆ. ಹಾರ-ತುರಾಯಿ, ಫ್ಲೆಕ್ಸ್‌ಗಳಿಗಿಂತ ಮೊದಲು ನೋಡಬೇಕಾದದ್ದು ಇವೆರಡನ್ನು.

ಹೆಚ್ಚುವರಿ ದರ ತೆತ್ತು ಹಸಿರು ವಿದ್ಯುತ್ತನ್ನೇ ಕೇಳಿ ಪಡೆಯುವ ವ್ಯವಸ್ಥೆಗೆ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ 2021ರಲ್ಲಿ ಒಪ್ಪಿಗೆ ನೀಡಿದೆ. ಸ್ವಂತ ಭವನವುಳ್ಳ ಸಂಸ್ಥೆಗಳು ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸುವಾಗ ವಿದ್ಯುತ್ ಬಿಲ್ಲಿನ ಮೊತ್ತದ ಪಕ್ಕದಲ್ಲಿ ಯುನಿಟ್‌ಗಳ ಸಂಖ್ಯೆಯನ್ನೂ ಓದಿ ಹೇಳಿದರೆ, ಈ ಚರ್ಚೆ ಅಲ್ಲಿಂದಲೇ ಆರಂಭವಾಗಬಹುದು.