ಪರದೆಯ ಮೇಲೆ ಪಿಸ್ತೂಲು, ಗೋಡೆಯ ಮೇಲೆ ಕೋವಿ: ‘ಢಂ’ ಅಂದ ಮೇಲೆ ಏನು ಗತಿ?

ಢಂ... ಢಂ... ಢಂ!

ಖಳನಾಯಕ ಎದೆ ಹಿಡಿದುಕೊಂಡು ಮಹಡಿಯಿಂದ ಉರುಳುತ್ತಾನೆ. ಹೀರೋ ಪಿಸ್ತೂಲಿನ ಬಾಯಿಗೆ ‘ಉಫ್’ ಎಂದು ಊದಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತಾನೆ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ!

1968ರಲ್ಲಿ ‘ಜೇಡರ ಬಲೆ’ಯ ಸಿ.ಐ.ಡಿ. 999 ಆಗಿ ಅಣ್ಣಾವ್ರು ರಿವಾಲ್ವರ್ ಹಿಡಿದ ದಿನದಿಂದ ಇಂದಿನ ಹೀರೋಗಳ ಮೆಷಿನ್‌ಗನ್‌ವರೆಗೆ ನಮ್ಮ ಚಿತ್ರರಸಿಕರಿಗೆ ಗುಂಡಿನ ಸದ್ದು ಎಂದರೆ ಹಬ್ಬ. ನನಗೂ ಅಷ್ಟೇ ಬಿಡಿ, ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಆದರೆ ಮೊನ್ನೆ ಓದುಗ ಮಿತ್ರರೊಬ್ಬರ ಪತ್ರ ಬಂತು. “ಸಾರ್, ನಮ್ ಏರಿಯಾದಲ್ಲಿ ಕಳ್ಳರ ಕಾಟ ಜಾಸ್ತಿ. ಹೀರೋ ಥರ ಮನೇಲೊಂದು ಗನ್ ಇಟ್ಕೊಂಡ್ರೆ ಹೆಂಗೆ?”

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಪ್ರಶ್ನೋತ್ತರ ಅಂಕಣದ ಎರಡು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ಲೇಖನ.

ಹೀರೋನ ಕಾಲಿಗೇ ಗುಂಡು!

ಮೊದಲು ಹೀರೋಗಳ ಮನೆಗೇ ಹೋಗೋಣ. ‘ಕೂಲಿ ನಂ. 1’ ಖ್ಯಾತಿಯ ಹಿಂದಿ ನಟ ಗೋವಿಂದ ಗೊತ್ತಲ್ಲ? 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈನ ತಮ್ಮ ಮನೆಯಲ್ಲಿ ಕೋಲ್ಕತ್ತಕ್ಕೆ ಹೊರಡುವ ತಯಾರಿಯಲ್ಲಿದ್ದರು. ಲೈಸೆನ್ಸ್ ಇರುವ ಸ್ವಂತ ರಿವಾಲ್ವರನ್ನು ಎತ್ತಿಡುವಾಗ ಅದು ಕೈಜಾರಿ ಬಿತ್ತು. ಗುಂಡು ಹಾರಿ ಅವರ ಕಾಲಿಗೇ ಹೊಕ್ಕಿತು! ಆಪರೇಷನ್ ಆಗಿ ಗುಂಡು ತೆಗೆದರು, ಪುಣ್ಯಕ್ಕೆ ಪ್ರಾಣಾಪಾಯವಾಗಲಿಲ್ಲ.

ಅಲ್ಲಿ ಕಳ್ಳನೂ ಇರಲಿಲ್ಲ, ವೈರಿಯೂ ಇರಲಿಲ್ಲ. ರಕ್ಷಣೆಗೆಂದು ಇಟ್ಟ ಗುಂಡಿಗೆ ಸಿಕ್ಕವರು ಯಜಮಾನರೇ. ತುಂಬಿದ ಗನ್ನು ಬೀರುವಿನಲ್ಲಿದ್ದರೆ ಆ ಬೀರು ತೆಗೆಯುವವರು ಕಳ್ಳರಲ್ಲ ಸ್ವಾಮಿ, ಮನೆಯವರು!

ಗುಂಡಿಲ್ಲದ ತೋಟಾವೂ ಕೊಂದಿತು

“ಗುಂಡೇ ಇಲ್ಲದಿದ್ದರೆ ಭಯ ಏನು ಸಾರ್?” ಅನ್ನುವವರಿದ್ದಾರೆ. ಶೂಟಿಂಗ್‌ನಲ್ಲಿ ಬಳಸುವ ಹುಸಿ ತೋಟಾದಲ್ಲಿ ಗುಂಡು ಇರುವುದಿಲ್ಲ, ನಿಜ. ಆದರೆ ಮದ್ದು ಇರುತ್ತದೆ. 1984ರಲ್ಲಿ ಅಮೆರಿಕದ ಟಿ.ವಿ. ನಟ ಜಾನ್ ಎರಿಕ್ ಹೆಕ್ಸಮ್ ಸೆಟ್ಟಿನಲ್ಲಿ ತಮಾಷೆಗೆಂದು ಇಂಥ ತೋಟಾ ಇದ್ದ ರಿವಾಲ್ವರನ್ನು ತಲೆಗಿಟ್ಟುಕೊಂಡು ಟ್ರಿಗರ್ ಎಳೆದರು. ಆ ಹೊಡೆತಕ್ಕೇ ತಲೆಬುರುಡೆ ಒಡೆಯಿತು. ಕೆಲವೇ ದಿನಗಳಲ್ಲಿ ಸಾವು. ವಯಸ್ಸು ಬರೀ 26!

1993ರ ಮಾರ್ಚ್ 31ರಂದು ಬ್ರೂಸ್ ಲೀ ಮಗ ಬ್ರಾಂಡನ್ ಲೀ ‘ದಿ ಕ್ರೋ’ ಚಿತ್ರೀಕರಣದಲ್ಲೇ ಗುಂಡೇಟು ತಿಂದು ತೀರಿಕೊಂಡರು. ಹಿಂದಿನ ಶಾಟ್‌ಗೆ ಬಳಸಿದ್ದ ತೋಟಾದ ಗುಂಡಿನ ತುದಿ ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಯಾರೂ ಇಣುಕಿ ನೋಡಲಿಲ್ಲ. ಮುಂದಿನ ಶಾಟ್‌ನ ಹುಸಿ ತೋಟಾ ಅದನ್ನು ನೂಕಿತು, ಅದು ನಿಜವಾದ ಗುಂಡೇ ಆಯಿತು.

2021ರ ಅಕ್ಟೋಬರ್ 21ರಂದು ‘ರಸ್ಟ್’ ಚಿತ್ರದ ಸೆಟ್ಟಿನಲ್ಲಿ ನಟ ಅಲೆಕ್ ಬಾಲ್ಡ್ವಿನ್ ಕೈಲಿದ್ದ ರಿವಾಲ್ವರಿನಿಂದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು, ನಿರ್ದೇಶಕರು ಗಾಯಗೊಂಡರು. ಬಂದೂಕುಗಳ ಹೊಣೆ ಹೊತ್ತಿದ್ದ ಹುಡುಗಿಗೆ 2024ರಲ್ಲಿ 18 ತಿಂಗಳ ಸಜೆಯಾಯಿತು. ಬಾಲ್ಡ್ವಿನ್ ಮೇಲಿನ ಮೊಕದ್ದಮೆ ಅದೇ ವರ್ಷ ವಜಾ ಆಯಿತು.

ಬಂದೂಕು ನೋಡಿಕೊಳ್ಳಲೆಂದೇ ಸಂಬಳ ಕೊಟ್ಟು ಆಳು ಇಟ್ಟ ಕಡೆ ಈ ಕಥೆ! ನಮ್ಮ ಮನೆಯಲ್ಲಿ ಆ ಕೆಲಸ ಯಾರದು?

ಕೊಡಗಿನಲ್ಲಿ ಕಂಡದ್ದು

ಇದಕ್ಕೆ ಉತ್ತರ ಹುಡುಕಿಕೊಂಡು ನಾನು ಹೋದದ್ದು ಕೊಡಗಿಗೆ. ಅಲ್ಲಿ ಕೋವಿ ಮನೆಯ ಸದಸ್ಯನಿದ್ದಂತೆ. ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೋಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಗಾಳಿಯಲ್ಲಿ ಹಾರಿಸುವುದು ಅಲ್ಲಿನ ಸಂಪ್ರದಾಯ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿಗೂ ಇದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಕೇಂದ್ರ ಸರ್ಕಾರದ ಆದೇಶ 2029ರವರೆಗೆ ಇದೆ.

ಒಂದು ಮನೆಯಲ್ಲಿ ಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಜೋಡುನಳಿಗೆ ಕೋವಿ ತೋರಿಸಿದರು. “ತುಂಬಿದೆಯಾ ಸಾರ್?” ಅಂದೆ. ಅವರು ಕೋವಿ ಮಡಚಿ, ಎರಡೂ ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಖಾಲಿ.

“ಆದ್ರೂ ತುಂಬಿದೆ ಅಂತ್ಲೇ ತಿಳ್ಕೊಳ್ಳಿ. ಈಗಷ್ಟೇ ನೋಡಿದ್ರೂ ಇನ್ನೊಬ್ರ ಕೈಗೆ ಕೊಡೋವಾಗ ಮತ್ತೆ ಮಡಚಿ ತೋರಿಸ್ಬೇಕು. ನಳಿಗೆ ಬಾಯಿ ಜನರ ಕಡೆ ತಿರುಗ್ಬಾರ್ದು. ಗುರಿ ಹಿಡಿದು ಹೊಡೆಯೋ ತನಕ ಟ್ರಿಗರ್ ಮೇಲೆ ಬೆರಳು ಹೋಗ್ಬಾರ್ದು.”

ತೋಟಾ ಎಲ್ಲಿ ಎಂದು ಕೇಳಿದೆ. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಬೀಗದ ಕೈ ಎಲ್ಲಿದೆ ಎಂದು ಮೊಮ್ಮಕ್ಕಳಿಗೆ ಗೊತ್ತಿಲ್ಲ.

“ರಾತ್ರಿ ಕಳ್ಳ ಬಂದ್ರೆ?”

ಹಿರಿಯರು ನಕ್ಕರು. “ನಾಯಿಗೆ ಮೊದ್ಲು ಗೊತ್ತಾಗ್ತದೆ. ಲೈಟ್ ಹಾಕ್ತೇನೆ, ಕೂಗ್ತೇನೆ. ಕತ್ತಲಲ್ಲಿ ಸದ್ದು ಬಂದ ಕಡೆ ಹೊಡೆಯೋನು ಕೋವಿ ಹಿಡಿಯೋಕೆ ಲಾಯಕ್ಕಿಲ್ಲ. ಎದುರಿಗಿರೋದು ಯಾರು ಅಂತ ಕಾಣ್ಬೇಕು, ಅವನ ಹಿಂದೆ ಏನಿದೆ ಅಂತ್ಲೂ ಕಾಣ್ಬೇಕು.”

ಎಂಥ ಮಾತು! ಸೆಕೆಂಡ್ ಶೋ ಮುಗಿಸಿ, ಅಪ್ಪನಿಗೆ ಗೊತ್ತಾಗದ ಹಾಗೆ ಹಿತ್ತಿಲ ಬಾಗಿಲಿಂದ ಒಳಗೆ ಬರುವವರು ನಮ್ಮ ಓದುಗರಲ್ಲಿ ಎಷ್ಟು ಜನ ಇಲ್ಲ? ಆ ಅಪ್ಪನ ದಿಂಬಿನ ಕೆಳಗೆ ತುಂಬಿದ ರಿವಾಲ್ವರ್ ಇದ್ದಿದ್ದರೆ?

ಲೈಸೆನ್ಸ್ ಎಂದರೆ ಬಾಲ್ಕನಿ ಟಿಕೆಟ್ಟಲ್ಲ

ಇನ್ನು ಕಾನೂನು. ಲೈಸೆನ್ಸ್‌ಗೆ ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಅರ್ಜಿ ಹಾಕಿದರೆ ಪೊಲೀಸರ ವಿಚಾರಣೆ ಇರುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ತರಬೇತಿಯೂ ಬೇಕು. ಸುರಕ್ಷಿತವಾಗಿ ಹಿಡಿಯುವುದು, ಹೊಡೆಯುವುದು, ಸಾಗಿಸುವುದು, ಬೀಗ ಹಾಕಿ ಇಡುವುದು, ಕಾನೂನು ತಿಳಿಯುವುದು, ಇಷ್ಟೂ ಪಾಠದಲ್ಲಿದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ.

“ಲೈಸೆನ್ಸ್ ಯಾಕೆ, ನಾಡ ಪಿಸ್ತೂಲು ಸಿಗುತ್ತಲ್ಲ” ಅಂದಿರೋ, ಎರಡರಿಂದ ಐದು ವರ್ಷ ಜೈಲು! ಮದುವೆ, ಮೆರವಣಿಗೆಯ ಖುಷಿಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಪ್ರಾಣಕ್ಕೆ ಸಂಚಕಾರ ಬಂದಾಗ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಒಪ್ಪುತ್ತದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ. ಅದಕ್ಕೆ ಮೇಲೆ ಹೋದರೆ ಕಟಕಟೆಯಲ್ಲಿ ನಿಲ್ಲುವವರು ನೀವು.

ಸಂಜಯ್ ದತ್ ಕಥೆ ನೆನಪಿದೆಯಲ್ಲ? ಎ.ಕೆ.-56 ರೈಫಲ್ ಇಟ್ಟುಕೊಂಡದ್ದು ಮನೆಯವರ ರಕ್ಷಣೆಗೆ ಎಂದರು. 1993ರಲ್ಲಿ, ‘ಖಳನಾಯಕ್’ ತೆರೆಕಂಡ ವರ್ಷವೇ ಬಂಧನ. ಭಯೋತ್ಪಾದನೆಯ ಆರೋಪದಿಂದ ಕೋರ್ಟು ಅವರನ್ನು ಬಿಟ್ಟಿತು, ಆಯುಧ ಕಾಯ್ದೆ ಬಿಡಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಐದು ವರ್ಷದ ಸಜೆ ಕೊಟ್ಟಿತು. ಯರವಡಾ ಜೈಲಿನಿಂದ ಅವರು ಹೊರಬಂದದ್ದು 2016ರ ಫೆಬ್ರವರಿಯಲ್ಲಿ. ಒಂದು ಬಂದೂಕಿಗೆ 23 ವರ್ಷ!

ಗಾಜನೂರಿನ ಆ ರಾತ್ರಿ

ಕಡೆಗೆ ನಮ್ಮ ಅಣ್ಣಾವ್ರ ವಿಷಯಕ್ಕೇ ಬರೋಣ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಗೆ ವೀರಪ್ಪನ್ ಬಂದೂಕುಧಾರಿಗಳೊಂದಿಗೆ ನುಗ್ಗಿದ. ಪರದೆಯ ಮೇಲೆ ಎಷ್ಟೋ ಬಂದೂಕುಗಳನ್ನು ಒದ್ದು ಉರುಳಿಸಿದ್ದ ಸಿ.ಐ.ಡಿ. 999ರ ಮನೆಬಾಗಿಲಿಗೇ ನಿಜವಾದ ಬಂದೂಕು ಬಂದಿತ್ತು. ಅಲ್ಲಿ ಸ್ಟಂಟ್ ಮಾಸ್ಟರ್ ಇರಲಿಲ್ಲ, ಕಟ್ ಹೇಳುವ ದೊರೈ–ಭಗವಾನ್ ಇರಲಿಲ್ಲ. ಎಪ್ಪತ್ತು ದಾಟಿದ್ದ ಅಣ್ಣಾವ್ರು ಅವನ ಜೊತೆ ಕಾಡಿಗೆ ನಡೆದರು. 108 ದಿನ ಕಾಡಿನ ವಾಸ ಮುಗಿಸಿ ನವೆಂಬರ್ 15ರಂದು ಬಿಡುಗಡೆಯಾಗಿ ಬಂದಾಗ ಇಡೀ ಕರ್ನಾಟಕ ಉಸಿರು ಬಿಟ್ಟಿತು. ಆ ರಾತ್ರಿ ಹಾಲ್‌ನಲ್ಲಿ ಗುಂಡಿನ ಕಾಳಗ ನಡೆದಿದ್ದರೆ? ನೆನೆಸಿಕೊಂಡರೂ ಮೈ ಜುಂ ಅನ್ನುತ್ತದೆ.

ಆದ್ದರಿಂದ ಪತ್ರ ಬರೆದ ಮಿತ್ರರೇ, ನನ್ನ ಉತ್ತರ ಇಷ್ಟು. ಮೊದಲು ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸಿ. ಹಿತ್ತಿಲಿಗೊಂದು ದೀಪ, ಮನೆಗೊಂದು ನಾಯಿ ಇರಲಿ. ಪಕ್ಕದ ಮನೆಯವರ ಜೊತೆ ಜಗಳ ಬೇಡ, ಕೂಗಿದರೆ ಓಡಿಬರುವವರು ಅವರೇ. ಫೋನಿನಲ್ಲಿ 112 ಒತ್ತುವುದು ಗೊತ್ತಿರಲಿ. ಇಷ್ಟಾದ ಮೇಲೂ ಬಂದೂಕು ಬೇಕೇ ಬೇಕು ಅನ್ನಿಸಿದರೆ ಲೈಸೆನ್ಸ್ ಪಡೆದು, ಪಾಠ ಕಲಿತು, ಎರಡು ಬೀಗ ಕೊಂಡು ಆಮೇಲೆ ತನ್ನಿ.

ಪರದೆಯ ಮೇಲೆ ಗುಂಡು ತಿಂದವನು ‘ಕಟ್’ ಅಂದ ಕೂಡಲೇ ಎದ್ದು ಕಾಫಿ ಕುಡಿಯುತ್ತಾನೆ. ಮನೆಯಲ್ಲಿ ‘ಕಟ್’ ಹೇಳುವವರು ಯಾರೂ ಇಲ್ಲ. ಅಲ್ಲಿ ರೀಟೇಕೂ ಇಲ್ಲ!